ಯಾರ ಮಾತೂ ಕೇಳದ ಸರ್ವರ್

ರಿಪೋರ್ಟಕ್ಕ ಮೆಟ್ಟಿಲು ಹತ್ತಿ ಬಂದಾಗ ನಾನು ಸ್ಟೂಲಿನ ಮೇಲೆ ನಿಂತು ಫ್ಯಾನಿನ ರೆಕ್ಕೆಯ ಧೂಳು ಒರೆಸುತ್ತಿದ್ದೆ. ಅವಳು ಬಾಗಿಲಲ್ಲೇ ನಿಂತು ಕೇಳಿದಳು:

“ಮೇಡಂ, ನಾನು ಸುಳ್ಳು ಹೇಳೋಳ ಥರ ಕಾಣ್ತೀನಾ? ನನ್ನ ಮುಖ ನೋಡಿ ಹೇಳಿ.”

“ಮುಖ ನೋಡಿ ಹೇಳೋಕೆ ನಾನೇನು ಪೊಲೀಸಾ? ಮೊದ್ಲು ಒಳಗೆ ಬಾ. ಈ ಸ್ಟೂಲು ಹಿಡ್ಕೋ, ಇಳೀತೀನಿ.”

ಅವಳು ಸ್ಟೂಲು ಹಿಡಿದಳು, ಕಣ್ಣು ಮಾತ್ರ ನನ್ನ ಮುಖದ ಮೇಲೇ ಇತ್ತು. ಹಿಡಿತ ಸಡಿಲಾಗಿ ಸ್ಟೂಲು ಅಲುಗಿತು, ಸ್ಟೂಲು ಅಲುಗಿದ್ದಕ್ಕೆ ನಾನೂ. ಅಂತೂ ಹೇಗೋ ನೆಲ ಮುಟ್ಟಿದೆ.

ನಮ್ಮದು ದರ್ಜಿ ಅಂಗಡಿಯ ಮಹಡಿಯ ಮೇಲಿನ ಒಂದೇ ಕೋಣೆ. ಸಣ್ಣಪುಟ್ಟ ಕಚೇರಿಗಳ ಇ-ಮೇಲು, ವೆಬ್‌ಸೈಟು ನೋಡಿಕೊಳ್ಳುವುದು ನಮ್ಮ ಕಸುಬು. ನನ್ನ ಯಜಮಾನರು ಶುರು ಮಾಡಿದ್ದು; ಅವರು ತೀರಿಕೊಂಡ ಮೇಲೆ ನಾನೂ ನನ್ನ ಮೈದುನನೂ ನಡೆಸುತ್ತಿದ್ದೇವೆ. ಇಬ್ಬರೂ ನಡೆಸುತ್ತಿದ್ದೇವೆ ಎನ್ನುವುದು ಮರ್ಯಾದೆಗೆ ಹೇಳುವ ಮಾತು. ರಕ್ತ, ಮೂತ್ರ, ಗಡ್ಡೆ ಎಂದು ಏನೇನೋ ಪರೀಕ್ಷೆ ಮಾಡುವ ಲ್ಯಾಬೊಂದು ನಮ್ಮ ಹಳೆಯ ಗಿರಾಕಿ. ಅಲ್ಲಿನ ರಿಪೋರ್ಟುಗಳನ್ನು ಆಸ್ಪತ್ರೆಗಳಿಗೆ ಮೇಲ್ ಮಾಡುವ ಕೆಲಸ ಇವಳದು. ಹಾಗಾಗಿ ಲ್ಯಾಬಿನ ಒಡೆಯರಾದ ಡಾಕ್ಟರಿಂದ ಹಿಡಿದು ಕಸ ಗುಡಿಸುವವರ ತನಕ ಎಲ್ಲರಿಗೂ ಇವಳು ರಿಪೋರ್ಟಕ್ಕ.

ನೀರು ಕುಡಿದು, ಸೆರಗಿನಲ್ಲಿ ಬಾಯಿ ಒರೆಸಿಕೊಂಡು ಅವಳು ಹೇಳಿದ್ದು ಇಷ್ಟು. ಒಬ್ಬ ಬಸ್ ಡ್ರೈವರ್. ಅವನ ಹೆಂಡತಿಯ ಎದೆಯಲ್ಲಿ ಗಡ್ಡೆ. ರಿಪೋರ್ಟು ಕೈಗೆ ಬಂದರಷ್ಟೇ ಆಪರೇಷನ್ ಎಂದು ಆಸ್ಪತ್ರೆಯವರು ದಿನ ಗೊತ್ತು ಮಾಡಿದ್ದರು. ರಿಪೋರ್ಟಕ್ಕ ರಿಪೋರ್ಟು ಕಳಿಸಿದಳು. ಆಸ್ಪತ್ರೆಯವರು ಬಂದಿಲ್ಲ ಎಂದರು. ಇವಳು ಮತ್ತೆ ಕಳಿಸಿದಳು. ಅವರು ಮತ್ತೆ ಬಂದಿಲ್ಲ ಎಂದರು. ಕೊನೆಗೆ ಡ್ರೈವರ್ ತಾನೇ ಬಂದು ಕಾಗದ ಒಯ್ದನಾದರೂ ಅಷ್ಟರಲ್ಲಿ ಅವನ ಹೆಂಡತಿಯ ಸರದಿ ಬೇರೆಯವರಿಗೆ ಹೋಗಿತ್ತು. ಅವನು ಲ್ಯಾಬಿಗೆ ತಿರುಗಿ ಬಂದು ಇವಳ ಮೇಜಿನ ಮುಂದೆ ನಿಂತು ಕಿರುಚಿದ.

“ಅವನು ಕಿರುಚಿದ್ದಕ್ಕೆ ನಂಗೆ ಬೇಜಾರಿಲ್ಲ ಮೇಡಂ. ಅವನ ಹೆಂಡ್ತಿ, ಅವನ ಹೊಟ್ಟೆ ಉರಿ. ಆದ್ರೆ ಡಾಕ್ಟ್ರು ಒಳಗಿಂದ ಬಂದ್ರು. ಏನಾಯ್ತು ಅಂತ ಒಂದು ಮಾತು ಕೇಳ್ಲಿಲ್ಲ. ಎಲ್ಲರ ಮುಂದೆ, ‘ಕಳಿಸ್ದೇನೇ ಕಳಿಸಿದೆ ಅಂತೀಯಲ್ಲ, ಸುಳ್ಳಿ’ ಅಂದ್ಬಿಟ್ರು.”

“ಆಮೇಲೆ?”

“ಆಮೇಲೇನು. ‘ಮರೆತು ಕಳಿಸ್ಲಿಲ್ಲ, ನನ್ನದೇ ತಪ್ಪು’ ಅಂತ ನಾಳೆ ಸಾಯಂಕಾಲದೊಳಗೆ ಬರ್ಕೊಡ್ಬೇಕಂತೆ. ಬರ್ಕೊಟ್ರೆ ಕೆಲ್ಸ ಇರುತ್ತೆ. ಇಲ್ಲಾಂದ್ರೆ ಇಲ್ಲ.”

“ಬರ್ಕೊಡ್ತೀಯಾ?”

ಅವಳು ನನ್ನನ್ನು ದುರುಗುಟ್ಟಿ ನೋಡಿದಳು. “ಮನೇಲಿ ಅಮ್ಮ ಬರ್ಕೊಡು ಅಂತಾಳೆ. ಅಣ್ಣ ಬರ್ಕೊಡು ಅಂತಾನೆ. ಒಂದು ಸಾಲು ಬರೆದ್ರೆ ನಿನ್ನ ಕೈ ಬಿದ್ದೋಗುತ್ತಾ ಅಂತಾನೆ. ಕೈ ಬೀಳಲ್ಲ ಮೇಡಂ. ಆದ್ರೆ ಆ ಡ್ರೈವರು ಬದುಕಿರೋವರೆಗೂ ನನ್ನನ್ನ ನೆನೆಸ್ಕೊಂಡು ಏನಂತಾನೆ?”

ಈ ಮಾತು ನನ್ನ ಎದೆಗೆ ನಾಟಿತು. ಲ್ಯಾಬಿನವರು ಹೋದ ತಿಂಗಳಷ್ಟೇ ಮೇಲ್ ಕಳಿಸುವ ಯಂತ್ರ ಬದಲಾಯಿಸಿದ್ದರು, ಅದಕ್ಕೆ ಹೊಸ ಸಂಖ್ಯೆ ಕೊಟ್ಟಿದ್ದವಳು ನಾನೇ. ಎಡವಟ್ಟು ಆಗಿದ್ದರೆ ನಮ್ಮಲ್ಲೇ ಆಗಿರಬೇಕು.

ಏನಾಗಿರಬಹುದು ಎಂದು ತಿಳಿಯಬೇಕಾದರೆ ನಮ್ಮ ಕಸುಬಿನ ಒಂದು ವಿಷಯ ತಿಳಿದಿರಬೇಕು. ಇ-ಮೇಲ್ ಕಳಿಸುವ ಪ್ರತಿ ಯಂತ್ರಕ್ಕೂ ಒಂದು ಸಂಖ್ಯೆ. ಮೇಲ್ ಬಂದು ಬಾಗಿಲು ಬಡಿದಾಗ ಆಸ್ಪತ್ರೆಯ ಯಂತ್ರ ತಟ್ಟನೆ ತೆರೆಯುವುದಿಲ್ಲ. “ಈ ಸಂಖ್ಯೆಯವರು ಯಾರು?” ಎಂದು ಹೊರಗೆ ವಿಚಾರಿಸುತ್ತದೆ. ಹೆಸರು ಕೊಟ್ಟು ಸಂಖ್ಯೆ ಕೇಳುವುದು ನೇರ ದಾರಿ. ಸಂಖ್ಯೆ ಕೊಟ್ಟು ಹೆಸರು ಕೇಳುವುದು ತಿರುಗು ದಾರಿ. ಆ ತಿರುಗು ದಾರಿಯ ಪಟ್ಟಿಗೆ ರಿವರ್ಸ್ ಜೋನ್ ಎನ್ನುತ್ತಾರೆ. ಹೆಸರು ಸಿಕ್ಕಿದರೆ ಮೇಲ್ ಒಳಗೆ. ಸಿಗದಿದ್ದರೆ ಯಾರೋ ಕಳ್ಳರು ಎಂದು ಕೆಲವರು ವಾಪಸ್ ಕಳಿಸುತ್ತಾರೆ, ಕೆಲವರು ತುಟಿಪಿಟಕ್ಕೆನ್ನದೆ ಬಿಸಾಡುತ್ತಾರೆ.

ಈ ಪಟ್ಟಿ ಎರಡು ಯಂತ್ರಗಳಲ್ಲಿರಬೇಕು. ನಮ್ಮ ಕೋಣೆಯಲ್ಲಿರುವುದು ಪ್ರೈಮರಿ, ಬರೆಯುವುದು ಇದರಲ್ಲಿ. ಮೈದುನನ ಮನೆಯಲ್ಲಿರುವುದು ಸೆಕೆಂಡರಿ. ಇಲ್ಲಿ ಬರೆದದ್ದು ಬದಲಾದಾಗಲೆಲ್ಲ ಅದು ತಾನಾಗಿ ನಕಲು ತರಿಸಿಕೊಳ್ಳಬೇಕು. ಒಂದು ಕೆಟ್ಟು ಕೂತರೆ ಇನ್ನೊಂದು ಉತ್ತರ ಕೊಡಲಿ ಎಂದು ನನ್ನ ಯಜಮಾನರೇ ಬೇರೆ ಬೇರೆ ಕಡೆ ಇಟ್ಟಿದ್ದರು. ಹೊರಗಿನವರು ಯಾವುದನ್ನು ಬೇಕಾದರೂ ಕೇಳಬಹುದು. ಎರಡರ ಮಾತಿಗೂ ಒಂದೇ ತೂಕ.

ನಾನು ನಮ್ಮ ಯಂತ್ರವನ್ನು ಕೇಳಿದೆ: ಈ ಸಂಖ್ಯೆ ಯಾರದು? ಲ್ಯಾಬಿನದು ಎಂದಿತು. ರಿಪೋರ್ಟಕ್ಕ ನನ್ನ ಭುಜದ ಮೇಲಿಂದ ಬಗ್ಗಿ ನೋಡುತ್ತಿದ್ದಳು.

“ಸರಿಯಾಗೇ ಇದ್ಯಲ್ಲ ಮೇಡಂ.” ಅವಳ ದನಿ ಕುಗ್ಗಿಹೋಯಿತು.

“ತಾಳು. ಇದು ನನ್ನ ಮನೆ ಮಗು, ನಾನು ಹೇಳಿಕೊಟ್ಟಿದ್ದನ್ನೇ ಹೇಳುತ್ತೆ. ಆ ಕಡೇದನ್ನ ಕೇಳೋಣ.”

ಮೈದುನನ ಯಂತ್ರವನ್ನು ಕೇಳಿದೆ. ಅಂಥ ಸಂಖ್ಯೆಗೆ ಹೆಸರೇ ಇಲ್ಲ ಎಂದಿತು. ನಕಲು ತಲುಪಿಲ್ಲವೇನೋ ಎಂದುಕೊಂಡು ಅಲ್ಲಿದ್ದ ಪಟ್ಟಿಯ ತಲೆಬರಹ ತರಿಸಿದೆ. ಈ ಪಟ್ಟಿಯ ಮೂಲ ಯಂತ್ರ ಯಾವುದು, ಜವಾಬ್ದಾರರು ಯಾರು ಎಂದು ಅಲ್ಲಿ ಬರೆದಿರುತ್ತದೆ. ನನ್ನ ಯಂತ್ರದ ಹೆಸರು ಇರಬೇಕಾದ ಜಾಗದಲ್ಲಿ ಅವನ ಯಂತ್ರದ ಹೆಸರಿತ್ತು. ಜವಾಬ್ದಾರನೂ ಅವನೇ. ಅಂದರೆ ನಕಲು ತಲುಪದೇ ಇದ್ದದ್ದಲ್ಲ, ಅವನು ತರಿಸಿಕೊಳ್ಳುವುದನ್ನೇ ನಿಲ್ಲಿಸಿದ್ದ. ತನ್ನದನ್ನೂ ಪ್ರೈಮರಿ ಮಾಡಿಕೊಂಡು, ಹಳೆಯ ಪಟ್ಟಿಯನ್ನು ತಬ್ಬಿಕೊಂಡು ಕೂತಿದ್ದ. ನನ್ನ ಯಂತ್ರ ತಿಂಗಳಿಡೀ “ಬದಲಾಗಿದೆ, ಬಂದು ತಗೊಂಡು ಹೋಗು” ಎಂದು ಕರೆದಿದೆ. ಅವನದು ಕಿವಿಗೆ ಹತ್ತಿ ಇಟ್ಟುಕೊಂಡಿದೆ. ಆಸ್ಪತ್ರೆಯವರ ಪ್ರಶ್ನೆ ನನ್ನ ಕಡೆ ಬಂದ ಹೊತ್ತಿಗೆ ರಿಪೋರ್ಟು ಮುಟ್ಟಿದೆ, ಅವನ ಕಡೆ ಹೋದ ಹೊತ್ತಿಗೆ ಕಸದಬುಟ್ಟಿ ಸೇರಿದೆ.

ನನಗೆ ಎಷ್ಟು ಸಿಟ್ಟು ಬಂತೆಂದರೆ ಕೈಯಲ್ಲಿದ್ದ ಒರೆಸುವ ಬಟ್ಟೆಯನ್ನು ಹಿಂಡಿದೆ. ಒಣ ಬಟ್ಟೆ ಅದು.

“ನೀನು ಕಳಿಸಿದ್ದೆ. ನಾವು ಮುಟ್ಟಿಸ್ಲಿಲ್ಲ. ಮನೆಗೆ ಹೋಗು, ಏನೂ ಬರ್ಕೊಡ್ಬೇಡ,” ಎಂದೆ.

“ಡಾಕ್ಟ್ರ ಹತ್ರ ಇದನ್ನ ನೀವು ಹೇಳ್ತೀರಾ?”

“ಹೇಳ್ದೆ ಇರ್ತೀನಾ?”

ಎಂದುಬಿಟ್ಟೆ. ಅವಳು ನಂಬಿದಳೋ ಇಲ್ಲವೋ, ಮೆಟ್ಟಿಲು ಇಳಿದು ಹೋದಳು.

ನಾನು ಬೀಗ ಹಾಕಿ ನೇರ ಮೈದುನನ ಮನೆಗೆ ಹೋದೆ. ಅತ್ತೆ ಹಜಾರದಲ್ಲಿ ಕಾಲು ಚಾಚಿ ಕೂತು ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು. ನನ್ನ ಮೈದುನನಿಗೆ ಮೀಸೆ ನರೆತಿದೆ, ತಲೆ ಬೋಳಾಗಿದೆ. ಅತ್ತೆಗೆ ಮಾತ್ರ ಅವನು ಇನ್ನೂ ಪುಟ್ಟ.

“ಪುಟ್ಟ ಊಟ ಮಾಡ್ತಿದಾನೆ. ಏನಿದ್ರೂ ಆಮೇಲೆ ಹೇಳು,” ಎಂದರು.

“ಊಟ ಮಾಡ್ಲಿ ಅತ್ತೆ. ಕೇಳಿಸ್ಕೊಳ್ಳೋಕೆ ಬಾಯಿ ಬೇಕಾಗಿಲ್ಲ.”

ಅವನು ಎಂಜಲು ಕೈಯಲ್ಲೇ ಎದ್ದು ಬಂದ. ನಾನು ಕಂಡದ್ದನ್ನು ಹೇಳಿದೆ. ಇಲ್ಲ ಎನ್ನುತ್ತಾನೆ, ಗೊತ್ತಿಲ್ಲ ಎನ್ನುತ್ತಾನೆ ಎಂದುಕೊಂಡಿದ್ದೆ. ಅವನು ನಾಚಿಕೆಯೂ ಪಡಲಿಲ್ಲ.

“ಹೌದು ಅತ್ತಿಗೆ, ಮಾಡಿದೀನಿ. ಅಣ್ಣ ಇದ್ದಾಗಿನ ಮಾತು ಬೇರೆ. ಅವನು ಹಿರಿಯ, ಅವನು ಬರೆದ, ನಾನು ನಕಲು ಇಟ್ಕೊಂಡೆ. ಈಗ್ಲೂ ಹಾಗೇ ಇರ್ಬೇಕಾ? ನೀವು ಅಲ್ಲಿ ಕೂತು ಒಂದಕ್ಷರ ತಿದ್ದಿದ್ರೆ ನನ್ನ ಮಿಷನ್ನು ಇಲ್ಲಿ ಕೈಕಟ್ಕೊಂಡು ತಲೆ ಅಲ್ಲಾಡಿಸ್ಬೇಕು. ನಾನೇನು ನಿಮ್ಮ ಆಳಾ?”

“ಮಿಷನ್ನಿಗೆ ಮಾನ ಮರ್ಯಾದೆ ಯಾವಾಗ ಬಂತಪ್ಪಾ? ಅದು ನಿನ್ನ ಥರ ಮೀಸೆ ಬೇರೆ ಬಿಟ್ಟಿದ್ಯಾ?”

“ನೀವು ಏನು ಬದಲಾಯಿಸಿದ್ರೂ ಫೋನ್ ಮಾಡಿ ತಿಳಿಸಿ. ನಾನು ನೋಡಿ, ಸರಿ ಅನ್ಸಿದ್ರೆ ನನ್ನ ಕೈಯಾರೆ ಬರ್ಕೋತೀನಿ.”

“ಹಾಗಂತ ನಂಗೆ ಹೇಳಿದ್ಯಾ?”

ಅವನು ಬೆರಳಿಗಂಟಿದ್ದ ಅನ್ನದ ಅಗುಳನ್ನು ನೋಡಿಕೊಂಡ. “ನೀವೇ ಅರ್ಥ ಮಾಡ್ಕೋಬೇಕಿತ್ತು.”

ನೋಡಿ, ಇದು! ಹೇಳದೇ ಇದ್ದದ್ದನ್ನು ಅರ್ಥ ಮಾಡಿಕೊಳ್ಳದೇ ಇದ್ದದ್ದು ನನ್ನ ತಪ್ಪು. ಮನೆಯೊಳಗಿನ ಇಂಥ ಮುನಿಸುಗಳನ್ನು ನಾನು ಬೇಕಾದಷ್ಟು ನುಂಗಿದ್ದೇನೆ, ಜೀರ್ಣವೂ ಮಾಡಿಕೊಂಡಿದ್ದೇನೆ. ಇವನಿಗೆ ನನ್ನ ಮೇಲೆ ಸಿಟ್ಟಿದ್ದರೆ ನನ್ನ ಜತೆ ಮಾತು ಬಿಡಬಹುದಿತ್ತು, ನಾನು ತಂದ ಹಣ್ಣನ್ನು ಮುಟ್ಟದೆ ಇರಬಹುದಿತ್ತು, ಬಾಗಿಲನ್ನು ದಡಾರನೆ ಹಾಕಬಹುದಿತ್ತು. ಇವನ ಮುಖವನ್ನೇ ನೋಡದ ಒಬ್ಬಳು ಹೆಂಗಸು ಎದೆಯಲ್ಲಿ ಗಡ್ಡೆ ಇಟ್ಟುಕೊಂಡು ಆಸ್ಪತ್ರೆಯ ಬೆಂಚಿನ ಮೇಲೆ ಕಾದಿದ್ದಾಳೆ, ಇವನ ಹೆಸರನ್ನೇ ಕೇಳದ ಇನ್ನೊಬ್ಬಳು ಸುಳ್ಳಿ ಎನಿಸಿಕೊಂಡಿದ್ದಾಳೆ. ಅತ್ತಿಗೆಯ ಮೇಲಿನ ಮುನಿಸನ್ನು ಅವರ ಮೇಲೆ ತೀರಿಸಿಕೊಂಡನಲ್ಲ!

ಡ್ರೈವರನ ಹೆಂಡತಿಯ ವಿಷಯ ಹೇಳಿದಾಗ ಅವನ ಮುಖ ಒಂದು ಗಳಿಗೆ ಬಿಳಿಚಿಕೊಂಡಿತು. ಕೈ ತೊಳೆದು ಬಂದ.

“ಈಗ್ಲೇ ಬರೆದುಬಿಡ್ತೀನಿ. ಮುಗೀತಲ್ಲ?”

“ಆ ರಿಪೋರ್ಟಕ್ಕನ ಗತಿ?”

“ಇಂಟರ್ನೆಟ್ ಏನೋ ಕೈಕೊಟ್ಟಿತ್ತು ಅಂತ ಲ್ಯಾಬಿಗೆ ಹೇಳಿ. ಅಥವಾ ಏನೂ ಹೇಳ್ಬೇಡಿ. ಅವಳೇ ಮರೆತೆ ಅಂತ ಬರ್ಕೊಟ್ರೆ ಅವಳ ಕೆಲ್ಸಾನೂ ಉಳಿಯುತ್ತೆ, ನಮ್ಮ ಹೆಸರೂ ಉಳಿಯುತ್ತೆ. ಯಾರಿಗೇನು ನಷ್ಟ?”

ನಾನು ಅತ್ತೆಯ ಕಡೆ ನೋಡಿದೆ. ಅವರು ಎಣ್ಣೆ ಬಟ್ಟಲನ್ನು ದೂರ ಸರಿಸಿದರು.

“ಪುಟ್ಟ ಮಾಡಿದ್ದು ತಪ್ಪೇ ಇರ್ಲಿ. ಬೀದೀಲಿ ಹೇಳ್ಕೊಂಡು ಬರೋ ಮಾತಾ ಇದು? ನಾಳೆ ನಾಲ್ಕು ಜನ ನಮ್ಮನೆ ಬಗ್ಗೆ ಏನಂತಾರೆ?”

“ಇವತ್ತು ನಾಲ್ಕು ಜನ ಆ ಹೆಣ್ಮಗಳ ಬಗ್ಗೆ ಏನೋ ಅಂತಿದಾರಲ್ಲ ಅತ್ತೆ, ಅದು?”

“ಅವಳು ನಮಗೇನಾಗ್ಬೇಕು?”

“ಏನೂ ಆಗ್ಬೇಕಾಗಿಲ್ಲ. ಏನೂ ಆಗದೇ ಇರೋರ ತಲೆಗೆ ನಮ್ಮನೆ ಕೊಳೆ ಸುರೀಬಹುದಾ?”

ಅತ್ತೆ ಬಟ್ಟಲನ್ನು ಹತ್ತಿರಕ್ಕೆ ಎಳೆದುಕೊಂಡು ಇನ್ನೊಂದು ಮೊಣಕಾಲು ತಿಕ್ಕತೊಡಗಿದರು.

ಅಷ್ಟರಲ್ಲಿ ಮೈದುನ ಒಳಗೆ ಕೂತು ಟಪಟಪ ಬಡಿದು, “ಆಯ್ತು, ನೋಡ್ಕೊಳ್ಳಿ,” ಎಂದ. ನಾನು ಮೊಬೈಲಿನಲ್ಲೇ ಅವನ ಯಂತ್ರವನ್ನು ಕೇಳಿದೆ. ಈ ಸಲ ಹೆಸರು ಬಂತು, ಬಾಲ ಸಮೇತ ಬಂತು. ಆ ಪಟ್ಟಿಯಲ್ಲಿ ಪೂರ್ತಿ ಹೆಸರು ಬರೆದರೆ ಕೊನೆಗೊಂದು ಚುಕ್ಕೆ ಇಡಬೇಕು. ಇಡದಿದ್ದರೆ ಹೆಸರು ಇನ್ನೂ ಮುಗಿದಿಲ್ಲ ಎಂದುಕೊಂಡು ಯಂತ್ರ ಅದರ ಹಿಂದೆ ಇಡೀ ಪಟ್ಟಿಯ ಹೆಸರನ್ನು ಅಂಟಿಸಿಬಿಡುತ್ತದೆ. ಲ್ಯಾಬಿನ ಹೆಸರು ಹೋಗಿ ಪ್ರಪಂಚದಲ್ಲೇ ಇಲ್ಲದ ಒಂದು ಹೆಸರಾಗಿತ್ತು. ಈ ಅವಸರದ ಕೈಬರಹ ತಪ್ಪಲಿ ಎಂದೇ ತಾನಾಗಿ ನಕಲಾಗುವ ಏರ್ಪಾಡು ಇರುವುದು.

“ಕೊನೇ ಸಲ ಕೇಳ್ತೀನಿ,” ಎಂದೆ. “ನಿನ್ನ ಮಿಷನ್ನು ಮೊದಲಿನ ಹಾಗೆ ನಕಲು ತರಿಸ್ಕೊಳ್ಳೋ ಹಾಗೆ ಮಾಡ್ತೀಯಾ, ಇಲ್ವಾ?”

“ನೀವು ನನ್ನದರಿಂದ ತರಿಸ್ಕೊಳ್ಳಿ. ಯಾಕಾಗ್ಬಾರ್ದು?”

“ಧಾರಾಳವಾಗಿ ಆಗುತ್ತೆ. ಹಾಗಾದ್ರೆ ಗಿರಾಕಿಗಳ ಫೋನು ನೀನೇ ತಗೋ. ಹೊಸ ಸಂಖ್ಯೆ ನೀನೇ ಕೊಡು. ಕೆಟ್ಟಾಗ ನೀನೇ ಓಡು. ನಾನು ಇಲ್ಲಿ ಕಾಲು ಚಾಚಿ ಕೂತ್ಕೊಂಡು ನಿನ್ನ ನಕಲು ಇಟ್ಕೋತೀನಿ. ಒಪ್ಪಿಗೇನಾ?”

ಅವನು ಕೀಬೋರ್ಡಿನ ಕಡೆ ತಿರುಗಿಕೊಂಡ. ಮೇಲಿನ ಜಾಗ ಬೇಕು, ಮೇಲಿನ ಕೆಲಸ ಬೇಡ. ನಾನು ಚಪ್ಪಲಿ ಮೆಟ್ಟಿಕೊಂಡು ಹೊರಟೆ.

ಅವನ ಯಂತ್ರವನ್ನು ಕಿತ್ತುಹಾಕಿದರೆ ಮುಗಿಯುತ್ತಿರಲಿಲ್ಲ. ನಮಗೆ ಸಂಖ್ಯೆಗಳನ್ನು ಕೊಟ್ಟಿರುವ ದೊಡ್ಡ ಕಂಪನಿಯವರು ಎರಡು ಯಂತ್ರಗಳ ಹೆಸರು ಕೇಳುತ್ತಾರೆ, ಒಂದೇ ಕೊಟ್ಟರೆ ಒಪ್ಪುವುದಿಲ್ಲ. ಇನ್ನೊಂದನ್ನು ಎಲ್ಲಿಂದ ತರಲಿ? ಬಸ್ ನಿಲ್ದಾಣದ ಹಿಂದೆ ನಮ್ಮದೇ ಕಸುಬಿನ ಗಡ್ಡದವರು ಇದ್ದರು. ನನ್ನ ಯಜಮಾನರಿಗೂ ಅವರಿಗೂ ಗಿರಾಕಿಗಳ ವಿಷಯದಲ್ಲಿ ಹಾವು ಮುಂಗುಸಿ. ದಾರಿಯಲ್ಲಿ ಎದುರಾದರೆ ಈಗಲೂ ನಾನೂ ಅವರೂ ಅಂಗಡಿಗಳ ಬೋರ್ಡು ಓದುತ್ತಾ ಹೋಗುತ್ತೇವೆ. ಹೋದೆ. ಮರ್ಯಾದೆ ಬದಿಗಿಟ್ಟು ಎಲ್ಲವನ್ನೂ ಹೇಳಿದೆ.

ಗಡ್ಡದವರು ಗಡ್ಡ ಕೆರೆದುಕೊಂಡರು. “ನಿಮ್ಮ ಮೈದುನ ಪ್ರೈಮರಿ ಆಗ್ಬೇಕು ಅಂತ ಪೇಷಂಟಿನ ರಿಪೋರ್ಟ್ ನಿಲ್ಲಿಸಿದ್ನಾ?”

“ನಿಲ್ಲಿಸ್ಬೇಕು ಅಂತ ಮಾಡಿದ್ದಲ್ಲ. ನಿಲ್ಲುತ್ತೆ ಅಂತ ಯೋಚ್ನೆ ಮಾಡ್ಲಿಲ್ಲ.”

“ಎರಡೂ ಒಂದೇ ಬಿಡಿ. ನಿಮ್ಮ ಜೋನಿನ ನಕಲು ನಾನಿಟ್ಕೋತೀನಿ. ನನ್ನದರ ನಕಲು ನೀವಿಟ್ಕೊಳ್ಳಿ. ನನ್ನ ಎರಡನೇ ಮಿಷನ್ನೂ ಮುದುಕ ಆಗಿದೆ, ದಿನಾ ಕೆಮ್ಮುತ್ತೆ.” ಆಮೇಲೆ ನಗದೆ ಸೇರಿಸಿದರು: “ಗಿರಾಕಿಗಳ ವಿಷಯದಲ್ಲಿ ಮಾತ್ರ ಜಗಳ ಮುಂದುವರಿಯುತ್ತೆ, ಮೊದ್ಲೇ ಹೇಳ್ಬಿಡ್ತೀನಿ.”

“ಮುಂದುವರೀಲಿ. ಅದಿಲ್ದೆ ಇದ್ರೆ ನಂಗೂ ಹೊತ್ತು ಹೋಗಲ್ಲ.”

ನಾವು ಎದುರು ಬದುರು ಕೂತೇ ಕೆಲಸ ಮಾಡಿದೆವು. ನನ್ನ ಯಂತ್ರದಲ್ಲಿ ಅವರ ಯಂತ್ರಕ್ಕೆ ನಕಲು ಕೊಡಲು ಒಪ್ಪಿಗೆ ಬರೆದೆ. ಅವರು ತಮ್ಮದರಲ್ಲಿ ನನ್ನದನ್ನು ಮೂಲವೆಂದು ಬರೆದರು. ಪರೀಕ್ಷೆಗೆಂದು ಒಂದು ಸುಳ್ಳು ಹೆಸರು ಸೇರಿಸಿ, ಪಟ್ಟಿ ಬದಲಾಗಿದೆ ಎಂದು ತಿಳಿಸುವ ಕ್ರಮಸಂಖ್ಯೆ ಏರಿಸಿದೆ. ಕಣ್ಣು ಮಿಟುಕಿಸುವುದರೊಳಗೆ ಆ ಹೆಸರು ಅವರ ಯಂತ್ರದಲ್ಲಿತ್ತು. ಅಳಿಸಿದೆ, ಅಲ್ಲೂ ಅಳಿಯಿತು. ಅವರ ಯಂತ್ರ ಇದರಿಂದ ಒಂದು ಕೂದಲೆಳೆಯಷ್ಟೂ ಕುಗ್ಗಲಿಲ್ಲ, ಗಡ್ಡದವರ ಗಡ್ಡವೂ ಕುಗ್ಗಲಿಲ್ಲ. ಅಲ್ಲಿಂದಲೇ ದೊಡ್ಡ ಕಂಪನಿಗೆ ಬರೆದು ಮೈದುನನ ಯಂತ್ರದ ಹೆಸರು ತೆಗೆಸಿದೆ.

ಬೆಳಿಗ್ಗೆ ಮೈದುನನ ಫೋನು ಬಂತು. ಕಂಪನಿಯವರು ಅವನಿಗೂ ತಿಳಿಸಿದ್ದರು.

“ನನ್ನ ಹೆಸರು ತೆಗೆಸಿಬಿಟ್ರಾ ಅತ್ತಿಗೆ? ಆ ಗಡ್ಡದವನಿಗೆ ಕೊಟ್ರಾ? ಅಣ್ಣ ಇದ್ದಿದ್ರೆ...”

“ಅಣ್ಣ ಇದ್ದಿದ್ರೆ ನಿನ್ನ ಕಿವಿ ಹಿಂಡಿರ್ತಿದ್ದ. ನಂಗೆ ಅಷ್ಟು ಎತ್ತರ ಎಟುಕಲ್ಲ, ಅದಕ್ಕೆ ಹೆಸರು ತೆಗೆಸಿದೆ.”

“ಅಮ್ಮ ನಿಮ್ಮ ಜತೆ ಮಾತಾಡಲ್ವಂತೆ.”

“ಫೋನು ಅಮ್ಮನಿಗೇ ಕೊಡು, ಅವರೇ ಹೇಳ್ಲಿ.”

ಅತ್ತೆ ಫೋನು ತೆಗೆದುಕೊಂಡರು. “ಆ ಗಡ್ಡೆ ಆಗಿರೋಳು ಹೇಗಿದಾಳೆ?” ಎಂದರು.

“ಗೊತ್ತಿಲ್ಲ ಅತ್ತೆ. ಕೇಳ್ಕೊಂಡು ಬರ್ತೀನಿ.”

ಫೋನು ಇಟ್ಟರು. ಅವರು ಒಪ್ಪಿದರೆಂದು ನಾನು ಹೇಳಲಾರೆ.

ಲ್ಯಾಬಿಗೆ ಹೋದಾಗ ರಿಪೋರ್ಟಕ್ಕ ಹೊರಗೆ, ರಕ್ತ ಕೊಡಲು ಬಂದವರ ಬೆಂಚಿನ ಮೇಲೆ ಕೂತಿದ್ದಳು. ಅವಳ ಮೇಜಿನ ಮೇಲೆ ಯಾರೋ ಖಾಲಿ ಬಾಟಲಿಗಳ ಡಬ್ಬ ಇಟ್ಟಿದ್ದರು. ಇಬ್ಬರೂ ಡಾಕ್ಟರ ಕೋಣೆಗೆ ಹೋದೆವು. ನಾನು ಮೊದಲಿಂದ ಕೊನೆಯವರೆಗೆ ಹೇಳಿದೆ, ಬರೆದೂ ತಂದಿದ್ದೆ. ಅವರು ಕಾಗದವನ್ನು ಅತ್ತಿತ್ತ ತಿರುಗಿಸಿದರು.

“ನಿಮ್ಮ ಕಡೆಯವ್ರು ಯಾರೋ ಮಾಡಿದ್ದಾ?”

“ಯಾರೋ ಅಲ್ಲ. ನನ್ನ ಮೈದುನ.”

“ಓ.” ಅವರು ಕಾಗದ ಮಡಿಸಿದರು. “ಸರಿ, ಬಿಡಿ. ಇದೊಂದು ತಾಂತ್ರಿಕ ದೋಷ ಅಂತಾಯ್ತು. ಏನಮ್ಮಾ, ಹೋಗಿ ಕೂತ್ಕೋ. ಕೆಲ್ಸ ಬೇಕಾದಷ್ಟಿದೆ.”

ಎಷ್ಟು ಹಗುರವಾಗಿ ಹೇಳಿದರು! ಸುಳ್ಳಿ ಎನ್ನಲು ಕೋಣೆಯಿಂದ ಎದ್ದು ಬಂದಿದ್ದ ಮನುಷ್ಯ, ಈಗ ಕುರ್ಚಿಯಿಂದಲೂ ಏಳಲಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ರಿಪೋರ್ಟಕ್ಕ ನನ್ನ ಮೊಣಕೈ ಒತ್ತಿದಳು.

“ಡಾಕ್ಟ್ರೇ, ಅವತ್ತು ಈ ಕೋಣೆಯೊಳಗೆ ಹೇಳ್ಲಿಲ್ಲ ನೀವು. ಹೊರಗೆ ಹೇಳಿದ್ರಿ.”

“ಅದಕ್ಕೆ?”

“ಹೊರಗೆ ಬನ್ನಿ.”

ಡಾಕ್ಟರು ನನ್ನನ್ನು ನೋಡಿದರು. ನಾನು ಗೋಡೆಯ ಮೇಲಿನ ಹೃದಯದ ಚಿತ್ರ ನೋಡಿದೆ. ಕೊನೆಗೆ ಎದ್ದರು. ಹೊರಗೆ ರಕ್ತ ತೆಗೆಯುವ ಹುಡುಗಿಯರು, ಕೌಂಟರಿನವನು, ಕಸ ಗುಡಿಸುವಾಕೆ ಎಲ್ಲರೂ ಕೈಯಲ್ಲಿದ್ದ ಕೆಲಸ ನಿಲ್ಲಿಸಿದರು. ಡಾಕ್ಟರು ಕೆಮ್ಮಿ, ಯಂತ್ರದಲ್ಲಿ ಏನೋ ತೊಂದರೆಯಾಗಿತ್ತಂತೆ, ಎಂದು ಶುರು ಮಾಡಿದರು.

“ಯಂತ್ರಕ್ಕೆ ಯಾರೂ ಬೈದಿರ್ಲಿಲ್ಲ,” ಎಂದಳು ರಿಪೋರ್ಟಕ್ಕ. “ನನಗೆ ಬೈದಿದ್ರಿ.”

ಕಸ ಗುಡಿಸುವಾಕೆ ಪೊರಕೆಯನ್ನು ಗೋಡೆಗೆ ಒರಗಿಸಿ ಸೊಂಟದ ಮೇಲೆ ಕೈಯಿಟ್ಟು ನಿಂತಳು.

“ನೀನು ಸುಳ್ಳು ಹೇಳಿರ್ಲಿಲ್ಲ,” ಎಂದರು ಡಾಕ್ಟರು. “ಕಳಿಸಿದ್ದೆ. ನಾನು ವಿಚಾರಿಸ್ದೆ ಮಾತಾಡಿದೆ.”

ಅಲ್ಲಿಗೆ ಮುಗಿಯಿತೆಂದು ಅವರು ತಿರುಗಿದರು. ರಿಪೋರ್ಟಕ್ಕ ತನ್ನ ಮೇಜಿನ ಮೇಲಿದ್ದ ಡಬ್ಬವನ್ನು ಕೆಳಗಿಳಿಸಿ, ಫೋನು ತೆಗೆದು ನಂಬರು ಒತ್ತಿ, ಕಿವಿಗಿಟ್ಟುಕೊಂಡಳು. ಆ ಕಡೆಯಿಂದ ಬಸ್ಸಿನ ಇಂಜಿನ್ನಿನ ಗುಡುಗುಡು ನಮಗೂ ಕೇಳಿಸಿತು.

“ಅಣ್ಣಾ, ನಾನು ಲ್ಯಾಬಿಂದ. ಅಕ್ಕ ಹೇಗಿದಾರೆ?... ಯಾವಾಗಂತೆ?... ಬರೋ ವಾರಾನಾ? ಸರಿ, ಒಳ್ಳೇದಾಯ್ತು. ಬಯ್ಯೋದಿದ್ರೆ ಆಮೇಲೆ ಬಯ್ಯಿರಿ ಅಣ್ಣಾ, ಒಂದು ನಿಮಿಷ ಲೈನಲ್ಲಿರಿ. ನಮ್ಮ ಡಾಕ್ಟ್ರು ನಿಮ್ಮ ಹತ್ರ ಒಂದು ಮಾತು ಹೇಳ್ಬೇಕಂತೆ.”

ಫೋನನ್ನು ಡಾಕ್ಟರ ಮುಂದೆ ಚಾಚಿದಳು. ಅವರು ಸುತ್ತ ನೋಡಿದರು, ತೆಗೆದುಕೊಂಡರು. ಅವರು ಆಡಿದ ಒಂದೊಂದು ಮಾತನ್ನೂ ರಿಪೋರ್ಟಕ್ಕ ಅಲುಗದೆ ನಿಂತು ಕೇಳಿಸಿಕೊಂಡಳು. ಅವರು ಮುಗಿಸಿ ಫೋನು ವಾಪಸ್ ಕೊಟ್ಟ ಮೇಲೆಯೇ ಕುರ್ಚಿ ಎಳೆದುಕೊಂಡು ಕೂತಳು.